ಉದ್ದಿಮೆಗೆ ದೂರವಾಣಿ ಸಂಖ್ಯೆಯ ಆಯ್ಕೆ ಮತ್ತು ಬಳಕೆ: 1800, 1860 ಹಾಗೂ ಇತರೆ ಸರಣಿಗಳ ಕುರಿತು ಮಾಹಿತಿ

ಪೀಠಿಕೆ

ಉದ್ದಿಮೆ ಅಥವಾ ವ್ಯಾಪಾರವನ್ನು ಪ್ರಾರಂಭಿಸುವವರು ನಾಮಫಲಕ, ಬಿಲ್ಲು, ಪೊಟ್ಟಣ ಹಾಗೂ ಅಂತರ್ಜಾಲ ತಾಣಗಳಲ್ಲಿ ಗ್ರಾಹಕರ ಸಂಪರ್ಕಕ್ಕಾಗಿ ಒಂದು ದೂರವಾಣಿ ಸಂಖ್ಯೆಯನ್ನು ನಮೂದಿಸಬೇಕಾಗುತ್ತದೆ. ಕೆಲವು ಸಂದರ್ಭಗಳಲ್ಲಿ ಇದು ಕಾನೂನಿನ ಅಗತ್ಯವೂ ಆಗಿದೆ. ಪೊಟ್ಟಣ ಸಾಮಗ್ರಿಗಳಿಗೆ ಸಂಬಂಧಿಸಿದ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳನ್ವಯ, ದೂರುಗಳಿಗಾಗಿ ಸಂಪರ್ಕಿಸಬೇಕಾದವರ ಹೆಸರು ಮತ್ತು ವಿಳಾಸದೊಂದಿಗೆ ದೂರವಾಣಿ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸತಕ್ಕದ್ದು. 2020ರ ಗ್ರಾಹಕರ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳೂ ಆನ್‌ಲೈನ್ ಮಾರಾಟಗಾರರಿಗೆ ಗ್ರಾಹಕ ಸೇವಾ ಸಂಖ್ಯೆಯ ಪ್ರಕಟಣೆಯನ್ನು ವಿಧಿಸಿವೆ.

ಒಮ್ಮೆ ಮುದ್ರಿತವಾದ ಸಂಖ್ಯೆಯು ವರ್ಷಾನುಗಟ್ಟಲೆ ಗ್ರಾಹಕರ ಕೈಯಲ್ಲಿ ಉಳಿಯುತ್ತದೆ. ಆದುದರಿಂದ ಸಂಖ್ಯೆಯನ್ನು ಆಯ್ಕೆ ಮಾಡುವ ಮುನ್ನ ಕರೆಯ ವೆಚ್ಚವನ್ನು ಯಾರು ಭರಿಸುವರು ಮತ್ತು ಆ ಸಂಖ್ಯೆಯನ್ನು ಎಷ್ಟು ಕಾಲ ಉಳಿಸಿಕೊಳ್ಳಲು ಸಾಧ್ಯ ಎಂಬ ಎರಡು ಅಂಶಗಳನ್ನು ಪರಿಶೀಲಿಸುವುದು ಅವಶ್ಯಕ.

ಪ್ರದೇಶಕ್ಕೆ ಸೇರಿದ ಹಾಗೂ ಸೇರದ ಸಂಖ್ಯೆಗಳು

ಸ್ಥಿರ ದೂರವಾಣಿಯ ಸಂಖ್ಯೆಯು ಎಸ್.ಟಿ.ಡಿ. ಕೋಡ್‌ನಿಂದ ಪ್ರಾರಂಭವಾಗುತ್ತದೆ. 080 ಎಂದರೆ ಬೆಂಗಳೂರು, 0821 ಎಂದರೆ ಮೈಸೂರು, 0836 ಎಂದರೆ ಹುಬ್ಬಳ್ಳಿ ಎಂದು ಸಂಖ್ಯೆಯಿಂದಲೇ ಊರು ತಿಳಿಯುತ್ತದೆ. 1800 ಅಥವಾ 1860ರಿಂದ ಪ್ರಾರಂಭವಾಗುವ ಸಂಖ್ಯೆಗಳು ಯಾವುದೇ ಊರಿಗೆ ಸೇರಿರುವುದಿಲ್ಲ. ಇಂತಹ ಸಂಖ್ಯೆಗೆ ಬಂದ ಕರೆಯನ್ನು ದೂರಸಂಪರ್ಕ ಸಂಸ್ಥೆಯು ಉದ್ದಿಮೆದಾರರು ಸೂಚಿಸಿದ ಸ್ಥಿರ ಅಥವಾ ಮೊಬೈಲ್ ದೂರವಾಣಿಗೆ ತಲುಪಿಸುತ್ತದೆ. ಕಚೇರಿಯು ಬೇರೆ ಊರಿಗೆ ಸ್ಥಳಾಂತರಗೊಂಡರೂ ಪ್ರಕಟಿತ ಸಂಖ್ಯೆಯನ್ನು ಬದಲಾಯಿಸಬೇಕಾಗಿಲ್ಲ.

ಪ್ರಮುಖ ಸರಣಿಗಳು

1. 1800 ಸರಣಿ: ಇದು ಶುಲ್ಕರಹಿತ, ಅಂದರೆ ಟೋಲ್ ಫ್ರೀ ಸಂಖ್ಯೆ. ಕರೆ ಮಾಡಿದವರಿಗೆ ವೆಚ್ಚವಿಲ್ಲ. ಸಂಖ್ಯೆಯನ್ನು ಪಡೆದ ಉದ್ದಿಮೆದಾರರೇ ಅದನ್ನು ಭರಿಸತಕ್ಕದ್ದು. 2004ರಲ್ಲಿ ಪ್ರಾರಂಭವಾದ ಕಿಸಾನ್ ಕಾಲ್ ಸೆಂಟರ್‌ನ 1800-180-1551 ಇದಕ್ಕೆ ಪರಿಚಿತ ಉದಾಹರಣೆ.

2. 1860 ಸರಣಿ: ದೇಶದ ಎಲ್ಲೆಡೆಯಿಂದ ಒಂದೇ ಸಂಖ್ಯೆಗೆ ಕರೆ ಮಾಡಬಹುದು, ಆದರೆ ಇದು ಶುಲ್ಕರಹಿತವಲ್ಲ. ಕರೆ ಮಾಡಿದವರಿಗೆ ಅವರ ಯೋಜನೆಯಂತೆ ಶುಲ್ಕ ತಗಲುತ್ತದೆ. ನೋಟಕ್ಕೆ 1800ರಂತೆಯೇ ಇರುವುದರಿಂದ ಅನೇಕರು ಇದನ್ನು ಉಚಿತವೆಂದು ಭಾವಿಸುತ್ತಾರೆ. ಈ ಸಂಖ್ಯೆಯನ್ನು ಪ್ರಕಟಿಸುವವರು "ಕರೆ ಶುಲ್ಕ ಅನ್ವಯಿಸುತ್ತದೆ" ಎಂದು ಪಕ್ಕದಲ್ಲಿಯೇ ನಮೂದಿಸುವುದು ಸೂಕ್ತ.

3. 140 ಸರಣಿ: ಇದು ಪ್ರಚಾರದ ಕರೆಗಳನ್ನು ಮಾಡುವುದಕ್ಕೆ ಮೀಸಲು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ವಿನಿಯಮಗಳ ಪ್ರಕಾರ ಇಂತಹ ಕರೆ ಅಥವಾ ಸಂದೇಶ ಕಳುಹಿಸುವವರು ದೂರಸಂಪರ್ಕ ಸಂಸ್ಥೆಯಲ್ಲಿ ಮುಂಚಿತವಾಗಿ ನೋಂದಾಯಿಸಿಕೊಳ್ಳತಕ್ಕದ್ದು. ಸಾಮಾನ್ಯ 10 ಅಂಕಿಗಳ ಮೊಬೈಲ್ ಸಂಖ್ಯೆಯಿಂದ ಪ್ರಚಾರದ ಕರೆಗಳನ್ನು ಮಾಡಿದಲ್ಲಿ, ಸಾರ್ವಜನಿಕರು 1909ಕ್ಕೆ ದೂರು ಸಲ್ಲಿಸಬಹುದಾಗಿದ್ದು, ಸಂಪರ್ಕವು ಕಡಿತಗೊಳ್ಳುವ ಸಾಧ್ಯತೆ ಇರುತ್ತದೆ.

4. 1600 ಸರಣಿ: ಸರ್ಕಾರಿ ಸಂಸ್ಥೆಗಳು ಮತ್ತು ಬ್ಯಾಂಕ್, ವಿಮೆ ಮುಂತಾದ ಹಣಕಾಸು ಸಂಸ್ಥೆಗಳು ಸೇವೆ ಹಾಗೂ ವಹಿವಾಟಿಗೆ ಸಂಬಂಧಿಸಿದ ಕರೆಗಳನ್ನು ಮಾಡಲೆಂದು 2024ರಲ್ಲಿ ಗೊತ್ತುಪಡಿಸಲಾದ ಸರಣಿ ಇದು. ಸಾಮಾನ್ಯ ವ್ಯಾಪಾರಿಗಳಿಗೆ ಉದ್ದೇಶಿಸಿದ್ದಲ್ಲ.

1800 ಮತ್ತು 1860 ಮೂಲತಃ ಕರೆಗಳನ್ನು ಸ್ವೀಕರಿಸುವುದಕ್ಕಾಗಿ ಇರುವ ಸಂಖ್ಯೆಗಳು ಎಂಬುದನ್ನು ಗಮನಿಸುವುದು.

ವೆಚ್ಚದ ಅಂದಾಜು

ಟೋಲ್ ಫ್ರೀ ಸಂಖ್ಯೆಗೆ ಸಾಮಾನ್ಯವಾಗಿ ಬಾಡಿಗೆ ಹಾಗೂ ಬಂದ ಕರೆಗಳ ನಿಮಿಷವಾರು ಶುಲ್ಕ ಎಂಬ ಎರಡು ಬಾಬ್ತುಗಳಿರುತ್ತವೆ. ದರಗಳು ಸಂಸ್ಥೆಯಿಂದ ಸಂಸ್ಥೆಗೆ ಭಿನ್ನವಾಗಿರುತ್ತವೆ. ಲೆಕ್ಕದ ಸಲುವಾಗಿ ಮಾತ್ರ ನಿಮಿಷಕ್ಕೆ 1 ರೂಪಾಯಿ ಎಂದು ಭಾವಿಸೋಣ. ದಿನಕ್ಕೆ 40 ಕರೆಗಳು, ಪ್ರತಿ ಕರೆ 3 ನಿಮಿಷ, ತಿಂಗಳಿಗೆ 26 ಕೆಲಸದ ದಿನಗಳು ಎಂದಾದಲ್ಲಿ ಒಟ್ಟು 3,120 ನಿಮಿಷಗಳು, ಅಂದರೆ 3,120 ರೂಪಾಯಿಗಳು. ಇದಕ್ಕೆ ಬಾಡಿಗೆ ಹಾಗೂ ಶೇಕಡ 18ರಷ್ಟು ಜಿ.ಎಸ್.ಟಿ. ಸೇರುತ್ತದೆ. ಸಾಮಾನ್ಯ ನೋಂದಣಿ ಹೊಂದಿರುವವರು ಈ ತೆರಿಗೆಯನ್ನು ನಿಯಮಾನುಸಾರ ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ.

ಮೇಲಿನ 1,040 ಕರೆಗಳಲ್ಲಿ ಪ್ರತಿಯೊಂದರಲ್ಲೂ ಗ್ರಾಹಕರನ್ನು ಒಂದು ನಿಮಿಷ ಸಂಗೀತ ಕೇಳಿಸಿ ಕಾಯಿಸಿದಲ್ಲಿ, ಮೂರನೇ ಒಂದು ಭಾಗದಷ್ಟು ಹಣ ಕಾಯಿಸುವುದಕ್ಕೇ ವೆಚ್ಚವಾದಂತಾಗುತ್ತದೆ. ಕರೆ ಸ್ವೀಕರಿಸಲು ಸಿಬ್ಬಂದಿಯನ್ನು ನೇಮಿಸದೆ ಟೋಲ್ ಫ್ರೀ ಸಂಖ್ಯೆಯನ್ನು ಪಡೆಯುವುದರಿಂದ ಪ್ರಯೋಜನವಿಲ್ಲ.

ಯಾರಿಗೆ ಯಾವುದು ಸೂಕ್ತ

ಒಂದೇ ಊರಿನ ಗ್ರಾಹಕರನ್ನು ಅವಲಂಬಿಸಿದ ಅಂಗಡಿ, ದುರಸ್ತಿ ಕೇಂದ್ರ ಮುಂತಾದವುಗಳಿಗೆ ಸ್ಥಿರ ದೂರವಾಣಿ ಅಥವಾ ವ್ಯವಹಾರಕ್ಕೆಂದೇ ಮೀಸಲಿಟ್ಟ ಮೊಬೈಲ್ ಸಾಕಾಗುತ್ತದೆ. ಸ್ಥಳೀಯ ಕೋಡ್ ಇರುವ ಸಂಖ್ಯೆಯು "ನಮ್ಮೂರಿನವರು" ಎಂಬ ವಿಶ್ವಾಸವನ್ನೂ ಮೂಡಿಸುತ್ತದೆ. ಬ್ಯಾಡಗಿಯ ಮೆಣಸಿನಪುಡಿ ತಯಾರಕರು ಹಲವು ರಾಜ್ಯಗಳಿಗೆ ಪೊಟ್ಟಣಗಳನ್ನು ಕಳುಹಿಸುವುದಾದಲ್ಲಿ 1800 ಸರಣಿಯನ್ನು ಪರಿಗಣಿಸಬಹುದು. ಹೊರದೇಶಗಳಿಂದ ಈ ಸರಣಿಗೆ ಕರೆಗಳು ಸಾಮಾನ್ಯವಾಗಿ ತಲುಪುವುದಿಲ್ಲವಾದ್ದರಿಂದ, ರಫ್ತುದಾರರು +91ರಿಂದ ಪ್ರಾರಂಭವಾಗುವ ಸಾಮಾನ್ಯ ಸಂಖ್ಯೆಯೊಂದನ್ನೂ ಜೊತೆಯಲ್ಲಿ ನೀಡತಕ್ಕದ್ದು.

ಪಡೆಯುವ ವಿಧಾನ

ಪರವಾನಗಿ ಹೊಂದಿದ ದೂರಸಂಪರ್ಕ ಸಂಸ್ಥೆಗೆ ಅಥವಾ ಅದರ ಅಧಿಕೃತ ಸೇವಾದಾರರಿಗೆ ಅರ್ಜಿ ಸಲ್ಲಿಸಬೇಕು. ಸಾಮಾನ್ಯವಾಗಿ ಪ್ಯಾನ್, ಜಿ.ಎಸ್.ಟಿ. ಅಥವಾ ಇತರೆ ನೋಂದಣಿ ಪತ್ರ, ವಿಳಾಸದ ದಾಖಲೆ ಹಾಗೂ ಅಧಿಕೃತ ಸಹಿದಾರರ ಗುರುತಿನ ದಾಖಲೆಯನ್ನು ಕೇಳಲಾಗುತ್ತದೆ. ಒಪ್ಪಂದಕ್ಕೆ ಸಹಿ ಮಾಡುವ ಮುನ್ನ ಈ ಕೆಳಕಂಡ ಅಂಶಗಳನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು:

1. ಸಂಖ್ಯೆಯು ಉದ್ದಿಮೆಯ ಹೆಸರಿನಲ್ಲಿಯೇ ಇರುವುದೇ ಅಥವಾ ಮಧ್ಯವರ್ತಿಯ ಹೆಸರಿನಲ್ಲಿ ಇರುವುದೇ.
2. ಎಲ್ಲಾ ಸಂಸ್ಥೆಗಳ ಮೊಬೈಲ್ ಹಾಗೂ ಸ್ಥಿರ ದೂರವಾಣಿಗಳಿಂದ ಕರೆ ತಲುಪುವುದೇ.
3. ಬಾಡಿಗೆ ತಡವಾದಲ್ಲಿ ಸಂಖ್ಯೆಯನ್ನು ಎಷ್ಟು ದಿನ ಕಾಯ್ದಿರಿಸಲಾಗುವುದು.

2011ರ ಜನವರಿ 20ರಿಂದ ದೇಶದಾದ್ಯಂತ ಜಾರಿಯಲ್ಲಿರುವ ಸಂಖ್ಯಾ ವರ್ಗಾವಣೆ ಸೌಲಭ್ಯವು ಮೊಬೈಲ್ ಸಂಖ್ಯೆಗಳಿಗೆ ಸಂಬಂಧಿಸಿದ್ದು. 1800 ಸರಣಿಯಲ್ಲಿ ನಂತರದ ಅಂಕಿಗಳು ಸಂಖ್ಯೆ ನೀಡಿದ ಸಂಸ್ಥೆಯನ್ನು ಸೂಚಿಸುವುದರಿಂದ, ಸಂಸ್ಥೆಯನ್ನು ಬದಲಾಯಿಸಿದಲ್ಲಿ ಸಂಖ್ಯೆಯೂ ಬದಲಾಗಬಹುದು. ಕಡಿಮೆ ದರವೊಂದನ್ನೇ ನೋಡಿ ಆಯ್ಕೆ ಮಾಡುವುದು ಸೂಕ್ತವಲ್ಲ.

ಸಂಖ್ಯೆ ನಿಂತುಹೋದಾಗ ಉಂಟಾಗುವ ಅಪಾಯ

ಪೊಟ್ಟಣದ ಮೇಲಿನ ಸಂಖ್ಯೆಗೆ ಕರೆ ಹೋಗದಿದ್ದಲ್ಲಿ ಗ್ರಾಹಕರು ಅಂತರ್ಜಾಲದಲ್ಲಿ ಉದ್ದಿಮೆಯ ಹೆಸರನ್ನು ಹುಡುಕುತ್ತಾರೆ. ವಂಚಕರು ಅಲ್ಲಿ ನಕಲಿ ಗ್ರಾಹಕ ಸೇವಾ ಸಂಖ್ಯೆಗಳನ್ನು ಸೇರಿಸಿರುವ ಸಾಧ್ಯತೆ ಇರುತ್ತದೆ. ಕರೆ ಮಾಡಿದವರಿಗೆ "ಹಣ ವಾಪಸು ಮಾಡುತ್ತೇವೆ" ಎಂದು ನಂಬಿಸಿ, ಓ.ಟಿ.ಪಿ. ಪಡೆದು ಅಥವಾ ಆ್ಯಪ್ ಒಂದನ್ನು ಅಳವಡಿಸಿಕೊಳ್ಳುವಂತೆ ಹೇಳಿ ಬ್ಯಾಂಕ್ ಖಾತೆಯಿಂದ ಹಣ ತೆಗೆಯುತ್ತಾರೆ. ನೂರು ರೂಪಾಯಿಯ ಸಾಮಗ್ರಿಯ ದೂರು ನೀಡಲು ಹೋದವರು ಉಳಿತಾಯವನ್ನೇ ಕಳೆದುಕೊಳ್ಳಬಹುದು. ಉದ್ದಿಮೆಯ ಹೆಸರೂ ಕೆಡುತ್ತದೆ. ಇದನ್ನು ತಡೆಯಲು ಉದ್ದಿಮೆದಾರರು:

1. ಸಂಖ್ಯೆ ಬದಲಾದಲ್ಲಿ, ಹಳೆಯ ಮುದ್ರಿತ ದಾಸ್ತಾನು ಮಾರಾಟವಾಗುವವರೆಗಾದರೂ ಹಳೆಯ ಸಂಖ್ಯೆಯನ್ನು ಚಾಲ್ತಿಯಲ್ಲಿಡುವುದು.
2. ಬಿಲ್ಲು, ಪೊಟ್ಟಣ, ಅಂತರ್ಜಾಲ ತಾಣ ಎಲ್ಲೆಡೆ ಒಂದೇ ಸಂಖ್ಯೆಯನ್ನು ನಮೂದಿಸುವುದು.
3. ತಿಂಗಳಿಗೊಮ್ಮೆ ಉದ್ದಿಮೆಯ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿ, ತಪ್ಪು ಸಂಖ್ಯೆ ಕಂಡುಬಂದಲ್ಲಿ ವರದಿ ಮಾಡುವುದು.
4. "ಓ.ಟಿ.ಪಿ. ಅಥವಾ ಪಿನ್ ಅನ್ನು ನಾವು ಕೇಳುವುದಿಲ್ಲ" ಎಂದು ಸಂಖ್ಯೆಯ ಕೆಳಗೆ ಮುದ್ರಿಸುವುದು.

ಅನುಮಾನಾಸ್ಪದ ಕರೆಗಳನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ "ಚಕ್ಷು" ವಿಭಾಗದಲ್ಲಿ ವರದಿ ಮಾಡಬಹುದು. ಹಣ ಕಳೆದುಕೊಂಡವರು ಒಡನೆಯೇ 1930ಕ್ಕೆ ಕರೆ ಮಾಡತಕ್ಕದ್ದು; ವಿಳಂಬವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟವಾಗುತ್ತದೆ. ಸಾಮಗ್ರಿ ಅಥವಾ ಸೇವೆಯ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಲಭ್ಯವಿದೆ.

ಅರ್ಜಿದಾರರ ವಿಶೇಷ ಗಮನಕ್ಕೆ

ಪರವಾನಗಿ, ನೋಂದಣಿ ಇತ್ಯಾದಿಗಳಿಗಾಗಿ ಆನ್‌ಲೈನ್ ಅರ್ಜಿ ಸಲ್ಲಿಸುವಾಗ "ದೂರವಾಣಿ ಸಂಖ್ಯೆ" ಎಂಬ ಅಂಕಣದಲ್ಲಿ 1800 ಸರಣಿಯ ಸಂಖ್ಯೆಯನ್ನು ನಮೂದಿಸಬಾರದು. ಸದರಿ ಸಂಖ್ಯೆಗೆ ಓ.ಟಿ.ಪಿ. ಸಂದೇಶ ತಲುಪುವುದಿಲ್ಲ. ಮಾಲೀಕರ ಅಥವಾ ಅಧಿಕೃತ ಸಹಿದಾರರ ಸ್ವಂತ ಮೊಬೈಲ್ ಸಂಖ್ಯೆಯನ್ನೇ ನೀಡುವುದು. ಅರ್ಜಿ ತುಂಬಿಕೊಡುವ ಮಧ್ಯವರ್ತಿಗಳ ಸಂಖ್ಯೆಯನ್ನು ನಮೂದಿಸಿದಲ್ಲಿ, ಮುಂದೆ ನವೀಕರಣ ಹಾಗೂ ತಿದ್ದುಪಡಿಯ ಸಮಯದಲ್ಲಿ ಮೂಲ ಅರ್ಜಿದಾರರೇ ತೊಂದರೆಗೆ ಒಳಗಾಗುತ್ತಾರೆ. ಅರ್ಜಿ ಸಲ್ಲಿಸುವ ಮುನ್ನ ನಮೂದಿಸಿದ ಸಂಖ್ಯೆಯು ಚಾಲ್ತಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಲು ಕೋರಲಾಗಿದೆ.