ಪಿಕಪ್ ಗಾಡಿಗೆ ‘ಟ್ಯೂನಿಂಗ್’: ಕೊಳ್ಳುವ ಮುನ್ನ ತಿಳಿಯಬೇಕಾದುದು

ದೇವರ ಹಿಪ್ಪರಗಿ: ವಿಜಯಪುರ–ಸಿಂದಗಿ ಹೆದ್ದಾರಿಯ ಮೇಲಿರುವ ಈ ಊರಿನ ಮೂಲಕ ಲಿಂಬೆ, ತೊಗರಿ, ಹತ್ತಿ, ಈರುಳ್ಳಿ ಹೊತ್ತ ‘ಕೆಎ–28’ ನೋಂದಣಿಯ ಪಿಕಪ್ ವಾಹನಗಳು ವಿಜಯಪುರ, ಕಲಬುರಗಿ ಹಾಗೂ ಸೋಲಾಪುರದ ಮಾರುಕಟ್ಟೆಗಳತ್ತ ಸಾಗುತ್ತವೆ. ಚಾಲಕನೇ ಮಾಲೀಕನೂ ಆಗಿದ್ದು, ಬ್ಯಾಂಕಿನ ಕಂತು ಇನ್ನೂ ತೀರದಿರುವಾಗ, ಒಂದು ಲೀಟರ್ ಡೀಸೆಲ್ ಉಳಿದರೂ ಅದು ದೊಡ್ಡ ಮಾತೇ. ಹೀಗಾಗಿ ‘ಗಾಡಿಯ ಪಿಕಪ್ ಹೆಚ್ಚುತ್ತದೆ, ಆ್ಯವರೇಜೂ ಹೆಚ್ಚುತ್ತದೆ’ ಎಂಬ ಭರವಸೆಯೊಂದಿಗೆ ಬರುವ ಟ್ಯೂನಿಂಗ್ ಪೆಟ್ಟಿಗೆಗಳತ್ತ ಇಂತಹ ಮಾಲೀಕರ ಗಮನ ಹರಿಯುವುದು ಸಹಜ. ಭರವಸೆಯ ಮೊದಲ ಭಾಗ ಬಹುಮಟ್ಟಿಗೆ ನಿಜ. ಎರಡನೆಯದನ್ನು ನಂಬುವ ಮೊದಲು ಲೆಕ್ಕ ಹಾಕಬೇಕಾಗುತ್ತದೆ.

ಮೊದಲಿಗೆ, ತಮ್ಮ ಗಾಡಿಯ ಎಂಜಿನ್ ಯಾವ ಬಗೆಯದು ಎಂಬುದನ್ನು ಮಾಲೀಕರು ಅರಿಯಬೇಕು. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್‌ನ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್‌ನಂತಹ ಹಳೆಯ ಎಂಜಿನ್‌ಗಳಲ್ಲಿ ಇಂಧನದ ಪ್ರಮಾಣವನ್ನು ನಿರ್ಧರಿಸುವುದು ಯಾಂತ್ರಿಕ ಪಂಪ್. ಅಲ್ಲಿ ಕಂಪ್ಯೂಟರೇ ಇಲ್ಲದ ಕಾರಣ ಯಾವ ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ಕೆಲಸಕ್ಕೆ ಬಾರದು. ‘ಕಾಮನ್ ರೇಲ್’ ವ್ಯವಸ್ಥೆಯ ಎಂಜಿನ್‌ಗಳ ಮಾತು ಬೇರೆ. ಇವುಗಳಲ್ಲಿ ಡೀಸೆಲ್ ಒಂದೇ ಕೊಳವೆಯಲ್ಲಿ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಸಂಗ್ರಹವಾಗಿರುತ್ತದೆ. ಎಷ್ಟು ಇಂಧನ, ಯಾವ ಕ್ಷಣದಲ್ಲಿ ಸಿಂಪಡಣೆಯಾಗಬೇಕೆಂಬುದನ್ನು ಇಸಿಯು ಎಂಬ ನಿಯಂತ್ರಣ ಘಟಕ ನಿರ್ಧರಿಸುತ್ತದೆ. ಟ್ಯೂನಿಂಗ್ ಎಂದರೆ ಈ ನಿರ್ಧಾರದಲ್ಲಿ ಕೈ ಹಾಕುವುದು.

ಮಾರುಕಟ್ಟೆಯಲ್ಲಿ ನಾನಾ ಬಗೆ: ಬೆಂಗಳೂರಿನ ರೇಸ್ ಡೈನಮಿಕ್ಸ್ ಸಂಸ್ಥೆಯ ‘ಡೀಸೆಲ್‌ಟ್ರಾನಿಕ್’, ಜರ್ಮನಿಯ ‘ರೇಸ್‌ಚಿಪ್’ ಮುಂತಾದವು ಸಂವೇದಕ ಹಾಗೂ ಇಸಿಯು ನಡುವೆ ಕೂರುವ ಪೆಟ್ಟಿಗೆಗಳು. ಇಂತಹ ಪೆಟ್ಟಿಗೆಗಳ ಸಾಮಾನ್ಯ ತಂತ್ರ ಸರಳ. ಕೊಳವೆಯಲ್ಲಿರುವ ಒತ್ತಡವನ್ನು ಇರುವುದಕ್ಕಿಂತ ಕಡಿಮೆ ಎಂದು ಇಸಿಯುಗೆ ತಿಳಿಸಲಾಗುತ್ತದೆ. ಅದನ್ನು ನಂಬಿದ ಇಸಿಯು ಒತ್ತಡ ಏರಿಸುತ್ತದೆ. ಹೆಚ್ಚು ಡೀಸೆಲ್ ಒಳಹೋಗಿ ಎಳೆಯುವ ಶಕ್ತಿ ಹೆಚ್ಚುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಸುಳ್ಳು ಅಂಕಿಯನ್ನೇ ಆಧರಿಸಿ ಇಸಿಯು ಇಂಧನ ಬಳಕೆಯನ್ನು ಲೆಕ್ಕ ಹಾಕುವುದರಿಂದ, ಡ್ಯಾಶ್‌ಬೋರ್ಡ್ ತೋರಿಸುವ ಆ್ಯವರೇಜ್ ವಾಸ್ತವಕ್ಕಿಂತ ಹೆಚ್ಚಾಗಿ ಕಾಣುವ ಸಾಧ್ಯತೆ ಇದೆ. ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಪೂರ್ತಿ ತುಂಬಿಸಿ ಅಳೆಯುವುದೇ ನಂಬಬಹುದಾದ ಕ್ರಮ.

ಎರಡನೆಯದು ‘ರೀಮ್ಯಾಪ್’. ಇಸಿಯು ಒಳಗಿನ ತಂತ್ರಾಂಶವನ್ನೇ ತಿದ್ದಿ ಬರೆಯಲಾಗುತ್ತದೆ. ಗಾಳಿ, ಇಂಧನ, ಟರ್ಬೊ ಒತ್ತಡಗಳನ್ನು ಒಟ್ಟಾಗಿ ಹೊಂದಿಸಲು ಸಾಧ್ಯವಿರುವುದರಿಂದ, ಬಲ್ಲವರ ಕೈಯಲ್ಲಿ ಇದು ಪೆಟ್ಟಿಗೆಗಿಂತ ಉತ್ತಮ. ಅರೆಬರೆ ತಿಳಿದವರ ಕೈಯಲ್ಲಿ ಅಷ್ಟೇ ಅಪಾಯಕಾರಿ. ಮೂರನೆಯದಾದ ‘ಪೆಡಲ್ ಬಾಕ್ಸ್’ ಶಕ್ತಿಯನ್ನು ಹೆಚ್ಚಿಸುವುದೇ ಇಲ್ಲ. ಕಾಲು ಒತ್ತಿದ್ದಕ್ಕೆ ಎಂಜಿನ್ ಬೇಗ ಓಗೊಡುವಂತೆ ಮಾಡುತ್ತದೆ, ಅಷ್ಟೆ. ಇನ್ನು ತಪಾಸಣೆಯ ಸಾಕೆಟ್ಟಿಗೆ ಸಿಕ್ಕಿಸುವ ಕೆಲವೇ ನೂರು ರೂಪಾಯಿಗಳ ‘ಇಂಧನ ಉಳಿತಾಯ’ ಸಾಧನಗಳು. ಬಿಚ್ಚಿ ಪರೀಕ್ಷಿಸಲಾದ ಇಂತಹ ಹಲವು ಸಾಧನಗಳಲ್ಲಿ ಮಿನುಗುವ ದೀಪಗಳ ಹೊರತು ಹೆಚ್ಚೇನೂ ಇರಲಿಲ್ಲ.

ಈ ಭಾಗದ ರಸ್ತೆಗಳು ಬಹುತೇಕ ಸಮತಟ್ಟು. ಸೋಲಾಪುರಕ್ಕೆ ಲಿಂಬೆ ಒಯ್ಯುವ ಗಾಡಿಗೆ ಹೆಚ್ಚುವರಿ ಶಕ್ತಿ ಬೇಕಾಗುವ ಸಂದರ್ಭಗಳು ಕಡಿಮೆ. ಅನಮೋಡ ಘಾಟ್ ದಾಟಿ ಗೋವಾಕ್ಕೆ ಹೋಗುವವರಿಗೆ ಅದು ನೆರವಾದೀತು. ಉಳಿತಾಯದ ಲೆಕ್ಕವನ್ನೂ ನೋಡೋಣ. ಲೀಟರಿಗೆ 12 ಕಿ.ಮೀ. ಓಡುವ ಗಾಡಿ ತಿಂಗಳಿಗೆ 3,000 ಕಿ.ಮೀ. ಕ್ರಮಿಸಿದರೆ 250 ಲೀಟರ್ ಡೀಸೆಲ್ ಬೇಕು. ಶೇ 5ರಷ್ಟು ಉಳಿತಾಯವಾಯಿತೆಂದೇ ಇಟ್ಟುಕೊಂಡರೂ ಅದು ಹನ್ನೆರಡೂವರೆ ಲೀಟರ್. ಲೀಟರಿಗೆ 90 ರೂಪಾಯಿಯಂತೆ 1,125 ರೂಪಾಯಿ. 25,000 ರೂಪಾಯಿ ಕೊಟ್ಟು ಪೆಟ್ಟಿಗೆ ತಂದರೆ ಹಾಕಿದ ಹಣ ಮರಳಲು ಸುಮಾರು 22 ತಿಂಗಳು ಬೇಕು. ನಡುವೆ ಒಮ್ಮೆ ಕ್ಲಚ್ ಪ್ಲೇಟ್ ಸುಟ್ಟರೆ ಲೆಕ್ಕ ತಲೆಕೆಳಗು. ಹೆಚ್ಚಿದ ಶಕ್ತಿ ಮೊದಲು ಬಂದು ಬೀಳುವುದು ಕ್ಲಚ್ ಹಾಗೂ ಗೇರ್ ಬಾಕ್ಸಿನ ಮೇಲೆಯೇ. ಬೇಸಿಗೆಯಲ್ಲಿ ಈ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಎಂಜಿನ್ ಸೇರುವ ಗಾಳಿ ಮೊದಲೇ ಬಿಸಿಯಾಗಿದ್ದು, ಹೆಚ್ಚು ಇಂಧನವೂ ಉರಿದರೆ ಹೊರಬರುವ ಅನಿಲದ ಶಾಖಕ್ಕೆ ಟರ್ಬೊ ಹಾಗೂ ಪಿಸ್ಟನ್ ಬಲಿಯಾಗಬಹುದು.

ಅದಕ್ಕೂ ಮಿಗಿಲಾದ ಅಪಾಯವೆಂದರೆ, ಎಂಜಿನ್ ಎಳೆಯುತ್ತದೆಂದು ಹೆಚ್ಚು ಹೇರುವುದು. ಪೆಟ್ಟಿಗೆ ಕೂರಿಸಿದ ಮಾತ್ರಕ್ಕೆ ಬ್ರೇಕ್, ಆ್ಯಕ್ಸಲ್, ಟೈರ್‌ಗಳ ಸಾಮರ್ಥ್ಯ ಹೆಚ್ಚುವುದಿಲ್ಲ. ನೋಂದಣಿ ಪತ್ರದಲ್ಲಿ ನಮೂದಾದ ಭಾರವೂ ಬದಲಾಗುವುದಿಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯು ಮಿತಿಮೀರಿದ ಭಾರಕ್ಕೆ 20,000 ರೂಪಾಯಿ ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವನ್ನು ವಿಧಿಸಿದೆ.

ಕಾನೂನು ಏನು ಹೇಳುತ್ತದೆ?: ತಯಾರಕರು ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಕಾಯಿದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗ ಅಳವಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು 2019ರ ತಿದ್ದುಪಡಿಯಲ್ಲಿ ಅವಕಾಶ ಕಲ್ಪಿಸಲಾಯಿತು. ವಾರಂಟಿ ಹಾಗೂ ವಿಮೆಯ ಪ್ರಶ್ನೆ ಬೇರೆಯೇ ಇದೆ. ಮಾರ್ಪಾಡನ್ನು ವಿಮಾ ಕಂಪೆನಿಗೆ ತಿಳಿಸದಿದ್ದರೆ ಅಪಘಾತದ ಬಳಿಕ ಪರಿಹಾರಕ್ಕೆ ತಕರಾರು ಬರಬಹುದು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್–6 ಮಾನದಂಡದ ಡೀಸೆಲ್ ಗಾಡಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಹೊಗೆಯ ಕಣಗಳನ್ನು ಹಿಡಿದಿಡುವ ಡಿಪಿಎಫ್ ಶೋಧಕ ಹೆಚ್ಚು ಮಸಿ ಬಂದರೆ ಕಟ್ಟಿಕೊಳ್ಳುತ್ತದೆ. ಇದಕ್ಕೆ ಪರಿಹಾರವೆಂದು ಶೋಧಕವನ್ನೇ ಕಿತ್ತುಹಾಕಿ ತಂತ್ರಾಂಶವನ್ನು ತಿದ್ದಿಕೊಡುವವರೂ ಇದ್ದಾರೆ. ಅಮೆರಿಕದಲ್ಲಿ ಹೀಗೆ ಮಾಲಿನ್ಯ ನಿಯಂತ್ರಣ ಕಳಚಿದ ಡೀಸೆಲ್ ಪಿಕಪ್‌ಗಳ ಸಂಖ್ಯೆ ಒಂದು ದಶಕದಲ್ಲಿ 5.5 ಲಕ್ಷ ಮೀರಿತ್ತೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜಿಸಿತ್ತು.

ಇಷ್ಟೆಲ್ಲ ತಿಳಿದೂ ಕೊಳ್ಳಲು ಮುಂದಾಗುವವರು ಮಾರಾಟಗಾರರನ್ನು ಕೆಲವು ಪ್ರಶ್ನೆ ಕೇಳುವುದು ಒಳಿತು. ಇದೇ ಮಾದರಿಯ ಗಾಡಿಯನ್ನು ಡೈನೊ ಯಂತ್ರದ ಮೇಲೆ ಪರೀಕ್ಷಿಸಿದ ಮುಂಚಿನ ಮತ್ತು ನಂತರದ ಫಲಿತಾಂಶ ಇದೆಯೇ? ರೀಮ್ಯಾಪ್ ಆದಲ್ಲಿ ಮೂಲ ತಂತ್ರಾಂಶದ ಪ್ರತಿಯನ್ನು ಮಾಲೀಕರಿಗೆ ಕೊಡುತ್ತಾರೆಯೇ? ಎಂಜಿನ್ ಕೆಟ್ಟರೆ ಹೊಣೆ ಯಾರದೆಂದು ಬಿಲ್ಲಿನ ಮೇಲೆ ಬರೆದುಕೊಡುತ್ತಾರೆಯೇ? ಶೋಧಕ ತೆಗೆಸಿ ಎನ್ನುವವರಲ್ಲಿ ವ್ಯವಹಾರ ಬೇಡ. ಎಳೆತ ಕಡಿಮೆಯಾಗಿರುವ ಹಳೆಯ ಗಾಡಿಗಾದರೆ ಪೆಟ್ಟಿಗೆಗಿಂತ ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ನಾಜಲ್, ಟೈರಿನ ಗಾಳಿ ಹಾಗೂ ಹಿಡಿದುಕೊಂಡಿರುವ ಬ್ರೇಕ್‌ಗಳನ್ನು ನೋಡಿಸಬೇಕು.

ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವವರಿಗೂ ಇದು ಅನ್ವಯಿಸುತ್ತದೆ. ಪೆಟ್ಟಿಗೆಯನ್ನು ಮಾರುವ ಮುನ್ನ ಕಳಚಿಕೊಳ್ಳಬಹುದು, ರೀಮ್ಯಾಪ್ ಹೊರಗೆ ಕಾಣದು. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಇಸಿಯು ತಂತ್ರಾಂಶದ ಆವೃತ್ತಿಯನ್ನು ಪರಿಶೀಲಿಸಿಕೊಂಡ ಬಳಿಕವೇ ಮುಂಗಡ ಕೊಡುವುದು ಕ್ಷೇಮ.