ಅಂಬಾರಿಗೆ ಬೆನ್ನು ಮಾಡಿ ನಿಂತವರು

ಮೈಸೂರಿನ ದೇವರಾಜ ಮಾರುಕಟ್ಟೆಗೆ ಅವರನ್ನು ಹುಡುಕಿಕೊಂಡು ಹೋಗಿದ್ದು ಒಂದೇ ಒಂದು ಮಾತಿಗಾಗಿ. ‘ಇಪ್ಪತ್ತೆರಡು ದಸರಾ ಮಾಡಿದ್ದೀನಿ ಸಾರ್. ಅಂಬಾರೀನ ಕಣ್ತುಂಬಾ ನೋಡಿದ್ದು ಮಾತ್ರ ಚಿಕ್ಕ ಹುಡುಗ ಆಗಿದ್ದಾಗಲೇ’ ಎಂದಿದ್ದರು.

ಹೂವಿನ ಸಾಲಿನಲ್ಲಿ ಕೂತು ಮಾರು ಲೆಕ್ಕದಲ್ಲಿ ಸೇವಂತಿಗೆ ಅಳೆದುಕೊಡುವ ಈ ವ್ಯಾಪಾರಿ, ಕರೆ ಬಂದ ದಿನ ಗೃಹರಕ್ಷಕ. ಜನರ ಬಾಯಲ್ಲಿ ಹೋಂಗಾರ್ಡ್. ಹಲಗೆಯ ಕೆಳಗೊಂದು ಬಟ್ಟೆ ಚೀಲ. ಅದರಲ್ಲಿ ಇಸ್ತ್ರಿ ಮಾಡಿದ ಖಾಕಿ, ಟೋಪಿ, ದಾರಕ್ಕೆ ಕಟ್ಟಿದ ಸೀಟಿ. ಸೀಟಿಯನ್ನು ಟವೆಲಿನ ಅಂಚಿನಿಂದ ಒರೆಸಿಯೇ ನನ್ನ ಕೈಗೆ ಕೊಟ್ಟರು.

ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಅವರು ನಿಲ್ಲುವುದು ಮೆರವಣಿಗೆಗೆ ಬೆನ್ನು ಮಾಡಿ, ಜನರಿಗೆ ಮುಖ ಮಾಡಿ. ‘ಮುಂದಿನ ಸಾಲಿನ ಮಕ್ಕಳನ್ನ, ಅಜ್ಜಿಯರನ್ನ ಮೊದಲು ಕೂರಿಸಿಬಿಡಬೇಕು. ಮುಂದಿನವರು ಕೂತರೆ ಹಿಂದಿನವರಿಗೂ ಕಾಣುತ್ತೆ, ತಳ್ಳಾಟ ನಿಲ್ಲುತ್ತೆ’ ಎಂದು ವಿವರಿಸಿದರು. 750 ಕಿಲೋ ತೂಕದ ಚಿನ್ನದ ಅಂಬಾರಿ ಹತ್ತಿರ ಬಂದದ್ದು ಹೇಗೆ ತಿಳಿಯುತ್ತದೆ? ‘ಜನ ಚಪ್ಪಲಿ ಬಿಟ್ಟು ಕೈ ಮುಗೀತಾರಲ್ಲ, ಆಗ ತಾಯಿ ನನ್ನ ಬೆನ್ನ ಹಿಂದೆ ಇದ್ದಾಳೆ ಅಂತ.’ ವರ್ಷದಲ್ಲಿ ಹೂವಿಗೆ ಅತಿ ಹೆಚ್ಚು ಬೇಡಿಕೆ ಇರುವುದೂ ಆಯುಧಪೂಜೆಯ ಆಸುಪಾಸಿನಲ್ಲೇ. ಆ ದಿನಗಳಲ್ಲಿ ಅಂಗಡಿ ಅವರ ಹೆಂಡತಿಯ ಪಾಲಿಗೆ.

ಗೃಹರಕ್ಷಕ ದಳದ ಹುಟ್ಟು ಸ್ವಾತಂತ್ರ್ಯಕ್ಕಿಂತ ಹಿಂದಿನದು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ದಾಳಿಯಿಡುವ ಭೀತಿ ಎದುರಾದಾಗ, 1940ರ ಮೇ 14ರಂದು ಬ್ರಿಟನ್ ಸರ್ಕಾರ ರೇಡಿಯೊ ಮೂಲಕ ನಾಗರಿಕರಿಗೆ ಕರೆ ಕೊಟ್ಟಿತು. ಹಾಗೆ ಸೇರಿದ ಲಕ್ಷಾಂತರ ಸ್ವಯಂಸೇವಕರ ಪಡೆಗೆ ಅದೇ ಜುಲೈನಲ್ಲಿ ‘ಹೋಂ ಗಾರ್ಡ್’ ಎಂಬ ಹೆಸರಾಯಿತು. ನಮ್ಮಲ್ಲಿ ಕೋಮುಗಲಭೆಗಳಿಂದ ತತ್ತರಿಸಿದ ಮುಂಬೈ ಪ್ರಾಂತ್ಯದಲ್ಲಿ 1946ರ ಡಿಸೆಂಬರ್ 6ರಂದು ಮೊದಲ ದಳ ಕಟ್ಟಲಾಯಿತು. ಆಗ ಅಲ್ಲಿ ಗೃಹಮಂತ್ರಿಯಾಗಿದ್ದವರು ಮೊರಾರ್ಜಿ ದೇಸಾಯಿ. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು.

1962ರಲ್ಲಿ ಚೀನಾ ಆಕ್ರಮಣವಾಯಿತು. ಬೇರೆ ಬೇರೆ ಹೆಸರಿನ ಸ್ವಯಂಸೇವಕ ಪಡೆಗಳನ್ನೆಲ್ಲ ಸೇರಿಸಿ ದೇಶಕ್ಕೆಲ್ಲ ಒಂದೇ ಮಾದರಿಯ ದಳ ಕಟ್ಟಿ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೂಚಿಸಿತು. ಅಂದಿನ ಮೈಸೂರು ರಾಜ್ಯದ ಗೃಹರಕ್ಷಕ ಕಾಯ್ದೆಯೂ 1962ರದೇ. ಕರೆಸಿಕೊಂಡ ಅವಧಿಯಲ್ಲಿ ಗೃಹರಕ್ಷಕನಿಗೆ ಪೊಲೀಸನಿಗಿರುವ ಅಧಿಕಾರ, ರಕ್ಷಣೆ ಎರಡೂ ಉಂಟು. ಸಮವಸ್ತ್ರ ಕಳಚಿದರೆ ಮತ್ತೆ ಹೂವಿನ ವ್ಯಾಪಾರಿ, ಆಟೊ ಚಾಲಕ, ಗಾರೆ ಕೆಲಸದವ. ಹೆಣ್ಣುಮಕ್ಕಳೂ ದಳದಲ್ಲಿದ್ದಾರೆ.

ಸೇರಿದವರಿಗೆ ಕವಾಯತು, ಲಾಠಿ, ಪ್ರಥಮ ಚಿಕಿತ್ಸೆ, ಬೆಂಕಿ ನಂದಿಸುವುದನ್ನು ಕಲಿಸುತ್ತಾರೆ. ಆಮೇಲೆ ಚುನಾವಣೆ, ಜಾತ್ರೆ, ಪ್ರವಾಹ, ಸಂಚಾರ ನಿಯಂತ್ರಣ ಎಂದು ಕರೆ ಬರುತ್ತಲೇ ಇರುತ್ತದೆ. 2020ರ ಲಾಕ್‌ಡೌನಿನಲ್ಲಿ ಪೊಲೀಸರ ಜೊತೆ ಬೀದಿಗಿಳಿದು ನಿಂತವರಲ್ಲಿ ಗೃಹರಕ್ಷಕರೂ ಇದ್ದರು.

ದಳದ ಧ್ಯೇಯವಾಕ್ಯ ‘ನಿಷ್ಕಾಮ ಸೇವೆ’. ಆದರೆ ಸೇವೆ ನಿಷ್ಕಾಮ ಎಂದಮಾತ್ರಕ್ಕೆ ಹೊಟ್ಟೆ ಸುಮ್ಮನಿರುವುದಿಲ್ಲ. ಕೆಲಸ ಮಾಡಿದ ದಿನಕ್ಕಷ್ಟೇ ಭತ್ಯೆ, ಪಿಂಚಣಿಯಿಲ್ಲ. 2015ರಲ್ಲಿ ಹಿಮಾಚಲ ಪ್ರದೇಶ ಮೊದಲಾದ ಕಡೆಯ ಗೃಹರಕ್ಷಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಯಂ ಮಾಡಬೇಕೆಂಬ ಬೇಡಿಕೆಯನ್ನು ಒಪ್ಪಲಿಲ್ಲ. ಆದರೆ 30 ದಿನದ ಭತ್ಯೆ ಕೂಡಿಸಿದರೆ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗಬೇಕು ಎಂದಿತು. ಪೊಲೀಸರ ಪಕ್ಕದಲ್ಲಿ ಅದೇ ಬಿಸಿಲಿಗೆ ನಿಲ್ಲುವವರಿಗೆ ವರ್ಷವಿಡೀ ಕೆಲಸವೂ ಮುಪ್ಪಿಗೊಂದು ಆಸರೆಯೂ ಸಿಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ವಯಸ್ಸಿನ ಮಿತಿ ಹತ್ತಿರವಾಗಿದೆ ನಮ್ಮ ಹೂವಿನ ವ್ಯಾಪಾರಿಗೆ. ನಿವೃತ್ತಿಯ ಮರುವರ್ಷ ಏನು ಮಾಡುತ್ತೀರಿ ಎಂದೆ. ‘ಹೆಂಡತೀನ ಕರ್ಕೊಂಡು ಹೋಗಿ ಮುಂದಿನ ಸಾಲಲ್ಲಿ ಕೂರ್ತೀನಿ ಸಾರ್’ ಎಂದು ಸೀಟಿಯನ್ನು ಚೀಲಕ್ಕೆ ಹಾಕಿದರು.

ಈ ಸಲ ಜಂಬೂಸವಾರಿಗೆ ಹೋದಾಗ, ನಿಮ್ಮ ಕಡೆಗೆ ಮುಖ ಮಾಡಿ ನಿಂತ ಖಾಕಿಯವರು ‘ಕೂತ್ಕೊಳ್ಳಿ’ ಎಂದರೆ ದಯವಿಟ್ಟು ಕೂತುಕೊಳ್ಳಿ. ನಿಮ್ಮ ಬಾಟಲಿಯ ನೀರನ್ನೂ ಅವರತ್ತ ಚಾಚಿ.