ಕಣಜದ ಬಣ್ಣ, ಕಣಜದ ಹೆಸರು

ಕಣಜದ ಹುಳುವೆಂದೊಡನೆ ನಮಗೆ ನೆನಪಾಗುವುದು ಸೂರಿನಡಿ ಗೂಡು ಕಟ್ಟಿ, ಹತ್ತಿರ ಹೋದವರನ್ನು ಕುಟುಕುವ ಹುಳು. ಈ ಹೊತ್ತು ನಾನು ಹೇಳಹೊರಟಿರುವ ಕಣಜ ಯಾರನ್ನೂ ಕುಟುಕದು. ಅದರ ಉದ್ದ ಸುಮಾರು ಅರ್ಧ ಮಿಲಿಮೀಟರು. ಬಿಳಿಯ ಕಾಗದದ ಮೇಲೆ ಬಿಟ್ಟರೆ ಶಾಯಿಯ ಚುಕ್ಕಿಯೊಂದು ನಡೆದಾಡಿದಂತೆ ಕಾಣುತ್ತದೆ. ಇದರ ಕುಲನಾಮ ಟ್ರೈಕೊಗ್ರಾಮ. ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಪರೋಪಜೀವಿ ಇದು. ಇದರ ಮರಿ ಆ ಮೊಟ್ಟೆಯ ಸಾರವನ್ನೇ ಉಂಡು ಬೆಳೆಯುವುದರಿಂದ, ಕಬ್ಬನ್ನು ಕೊರೆಯಬೇಕಾಗಿದ್ದ ಹುಳು ಹುಟ್ಟುವುದೇ ಇಲ್ಲ. ಆದಕಾರಣವೇ ಪ್ರಯೋಗಾಲಯದಲ್ಲಿ ಅಕ್ಕಿ ಪತಂಗದ ಮೊಟ್ಟೆಗಳ ಮೇಲೆ ಇದನ್ನು ಸಾಕಿ, ಆ ಮೊಟ್ಟೆಗಳನ್ನು ಅಂಟಿಸಿದ ಕಾರ್ಡುಗಳನ್ನು ಗದ್ದೆಯಲ್ಲಿ ಕಟ್ಟುತ್ತಾರೆ.

ಇಂಥ ಉಪಕಾರಿಯ ಗುರುತು ಹಿಡಿಯುವುದು ಮಾತ್ರ ಬಲು ಕಷ್ಟ. ಈ ಕೆಲಸಕ್ಕೆ ಹೊಸಬನಾಗಿದ್ದಾಗ ನಾನು ಮಂಡ್ಯದ ಕಡೆಯ ಕಬ್ಬಿನ ಗದ್ದೆಗಳಿಂದ ಚಳಿಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಇವನ್ನು ಸಂಗ್ರಹಿಸಿದೆ. ಚಳಿಗಾಲದವುಗಳ ಮೈ ಮೇಲೆ ಕಪ್ಪು ಛಾಯೆ; ಬೇಸಗೆಯವು ಹಳದಿ. ಎರಡು ಜಾತಿಗಳು ದೊರೆತವೆಂದು ಹಿಗ್ಗಿ, ಎರಡು ಚೀಟಿ ಬರೆದು ಅಂಟಿಸಿದೆ. ಹಿರಿಯರೊಬ್ಬರು ಅವನ್ನು ನೋಡಿ ನಕ್ಕರು, ಏನೂ ಹೇಳಲಿಲ್ಲ. ಒಂದೇ ತಾಯಿಯ ಸಂತಾನವಿದ್ದ ಮೊಟ್ಟೆಗಳನ್ನು ಇಬ್ಭಾಗ ಮಾಡಿ, ಒಂದು ಪಾಲನ್ನು ಬೆಚ್ಚಗೂ ಇನ್ನೊಂದನ್ನು ತಂಪಿನಲ್ಲೂ ಇರಿಸಿದರು. ಬೆಚ್ಚಗಿದ್ದವು 8 ದಿನಕ್ಕೆ ಹಳದಿಯಾಗಿ ಹೊರಬಂದವು. ತಂಪಿನಲ್ಲಿದ್ದವು ತಡವಾಗಿ, ಕಪ್ಪಾಗಿ ಬಂದವು. ಬಣ್ಣವೊಂದನ್ನೇ ನಂಬಿ ಬರೆದಿದ್ದ ಚೀಟಿಗಳನ್ನು ನಾನೇ ಕಿತ್ತೆ.

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇಲ್ಲಿ ಗಾತ್ರವನ್ನೂ ನಂಬುವಂತಿಲ್ಲ. ಸಣ್ಣ ಮೊಟ್ಟೆಯಲ್ಲಿ ಬೆಳೆದ ಕಣಜ ಸಣ್ಣದೇ ಆಗುತ್ತದೆ. ಹಾಗಾದರೆ ನಂಬುವುದು ಯಾವುದನ್ನು? ದೃಢವಾದ ಉತ್ತರವೊಂದು ಬಂದುದು ಬೆಂಗಳೂರಿನಿಂದಲೇ. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರದಲ್ಲಿದ್ದ ಸುಧಾ ನಾಗರಕಟ್ಟಿ ಹಾಗೂ ಎಚ್. ನಾಗರಾಜ ಅವರು ಬೇರೆ ಬೇರೆ ಕಣಜಗಳನ್ನು ಕೂಡಿಸಿ ಸಂತಾನವಾಗುವುದೇ ಎಂದು ಪರೀಕ್ಷಿಸಿದರು. ಗಂಡಿನ ಜನನಾಂಗದ ರಚನೆಯೇ ಜಾತಿಯನ್ನು ಹೇಳಬಲ್ಲ ಗುರುತೆಂದು 1971ರಲ್ಲಿ ವಿವರವಾಗಿ ತೋರಿಸಿಕೊಟ್ಟರು. ಸೂಕ್ಷ್ಮದರ್ಶಕದಡಿ ಮಾತ್ರ ಕಾಣುವ ಈ ಗುರುತನ್ನು ಚಳಿ ಬಿಸಿಲುಗಳು ಬಣ್ಣದಂತೆ ಮಾರ್ಪಡಿಸಲಾರವು. ನಮ್ಮ ಕಬ್ಬಿನ ಗದ್ದೆಯ ಕಣಜಕ್ಕೆ ಬಹುಕಾಲ ‘ಆಸ್ಟ್ರಾಲಿಕಮ್’ ಎಂಬ ಹೆಸರಿತ್ತು. ಅದು 1941ರಲ್ಲಿ ಜಪಾನಿನ ಇಶಿಯಿ ಹೆಸರಿಸಿದ್ದ ‘ಕಿಲೋನಿಸ್’ ಎಂದು ಇವರಿಬ್ಬರೇ 1979ರಲ್ಲಿ ನಿರ್ಣಯಿಸಿದರು.

ಹೆಸರಿನ ಗೊಡವೆ ರೈತನಿಗೇಕೆಂದು ತಾವು ಕೇಳಬಹುದು. ಕಬ್ಬಿನ ಸುಳಿಕೊರಕಕ್ಕೆ ಬಿಡುವುದು ಕಿಲೋನಿಸನ್ನು. ಭತ್ತದ ಕಾಂಡಕೊರಕಕ್ಕೆ ಜಪಾನಿಕಮ್ ಎಂಬ ಇನ್ನೊಂದನ್ನು. ಚೀಟಿ ತಪ್ಪಿದರೆ ಕಾರ್ಡು ತಪ್ಪುತ್ತದೆ. ಕಾರ್ಡು ತಪ್ಪಿದರೆ ಬೆಳೆ ಹಾಳಾಗುತ್ತದೆ. ರೈತ ಕಣಜವನ್ನೇ ಹಳಿದು ಮತ್ತೆ ವಿಷದ ಡಬ್ಬಿಗೆ ಕೈ ಹಾಕುತ್ತಾನೆ. ತಪ್ಪು ಕಣಜದ್ದಲ್ಲ, ಚೀಟಿ ಬರೆದವನದು.

ಜನನಾಂಗದ ಗುರುತಿಗೂ ಒಂದು ಮಿತಿಯುಂಟು: ಹೆಣ್ಣೊಂದೇ ಕೈಗೆ ಸಿಕ್ಕರೆ ಅದು ನೆರವಾಗದು. ಇಂದು ಡಿ.ಎನ್.ಎ. ಪರೀಕ್ಷೆ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದೆ. ಆದರೂ ಹೊಸ ಸಂಗ್ರಹ ಮೇಜಿಗೆ ಬಂದಾಗ, ಚೀಟಿ ಬರೆಯುವ ಮುನ್ನ ನಾನು ಕೇಳುವ ಮೊದಲ ಪ್ರಶ್ನೆ ಇದು: ಇವು ಬೆಳೆದ ದಿನಗಳಲ್ಲಿ ಚಳಿಯಿತ್ತೇ, ಸೆಕೆಯಿತ್ತೇ?